ಬಾಣಂತಿಗೂ ಒಂದೇ ಬಕೆಟ್ಟು

ಡೈರಿಗೆ ಹಾಲು ಹಾಕಲು ಹೋದ ನಮ್ಮಪ್ಪ ಅಲ್ಲಿ ನೀರು, ಎನರ್ಜಿ ಉಳಿಸಿ ಎಂಬ ಯಾರೋ ಸಾಹೇಬರ ಭಾಷಣ ಕೇಳಿಕೊಂಡು ಬಂದರು. ಹೋಗುವಾಗ ಬರಿಯ ಮನುಷ್ಯ, ಬರುವಾಗ ಜಲತಜ್ಞ. ಸ್ವಲ್ಪ ದಿನದಲ್ಲೇ ಬಚ್ಚಲುಮನೆಯ ಒಲೆ ಕಿತ್ತುಹೋಯಿತು, ಮಹಡಿ ಮೇಲೆ ಸೋಲಾರ್ ಕೂತಿತು. ಅದರ ಕರೆಂಟಿನ ಕಾಯಿಲನ್ನು ದಂಡದ ಖರ್ಚೆಂದು ತೆಗೆಸಿಯೂ ಆಯಿತು. ಅಜ್ಜಿ ಮದುವೆಯಾಗಿ ಬಂದಾಗಿನಿಂದ ನೀರು ಕಾಯಿಸಿದ್ದ ತಾಮ್ರದ ಹಂಡೆ ಕೊಟ್ಟಿಗೆಗೆ ಹೋಗಿ ಎಮ್ಮೆಗಳಿಗೆ ನೀರು ಕುಡಿಸುವ ಬಾನಿಯಾಯಿತು. ಮನೆಯವರಿಗೆ ತಲೆಗೊಂದು ಬಕೆಟ್ಟು ಎಂಬ ಕಾನೂನು ಬಂತು.

ಸೋಲಾರ್ ಇರುವುದು ಮನೆಯ ಮುಂಭಾಗದಲ್ಲಿ, ಬಚ್ಚಲು ಇರುವುದು ಹಿತ್ತಲಿನ ಕೊನೆಯಲ್ಲಿ. ಪೈಪಿನೊಳಗೆ ನಿಂತ ತಣ್ಣೀರೆಲ್ಲ ಹರಿದ ಮೇಲೆಯೇ ಬಿಸಿನೀರಿನ ದರ್ಶನ. ಅಷ್ಟರಲ್ಲಿ ಬಕೆಟ್ಟು ತುಂಬಿರುತ್ತದೆ, ನಮ್ಮ ಪಾಲು ಮುಗಿದಿರುತ್ತದೆ. ಬಿಸಿನೀರು ಪೈಪಿನಲ್ಲೇ ಸುಖವಾಗಿ ಉಳಿಯುತ್ತದೆ. ಇದಕ್ಕೆ ಉಳಿತಾಯ ಎಂದು ಹೆಸರು.

ನಾನೂ ಸಾಚಾ ಅಲ್ಲ. ಮಿಮಿಕ್ರಿಗೆಂದು ಊರವರ ದನಿಗಳನ್ನೆಲ್ಲ ಅಭ್ಯಾಸ ಮಾಡುವುದು ನಾನು ಬಚ್ಚಲಲ್ಲೇ, ಅದೂ ನಲ್ಲಿ ಬಿಟ್ಟುಕೊಂಡು. ಅಪ್ಪ ಬಾಗಿಲು ಗುದ್ದುತ್ತಿದ್ದರು.

"ಆಚೆ ಬಾರ್ಲಾ! ಒಳಗೆ ಎಷ್ಟು ಜನ ಇದೀರ?"

"ಎಮ್ಮೆಗೆ ಮಾತ್ರ ಗಂಟೆಗಟ್ಲೆ ಪೈಪ್ ಇಡ್ಕಂಡ್ ನಿಂತ್ಕಂತೀಯಲ್ಲಪ್ಪ?"

"ಎಮ್ಮೆ ಆಲು ಕೊಡ್ತದೆ. ನೀನೇನ್ ಕೊಡ್ತೀಯಲಾ?"

ನ್ಯಾಯವಾದ ಪ್ರಶ್ನೆ. ಪಾಸಾಗದ ಎರಡು ಸಬ್ಜೆಕ್ಟ್ ಬಿಟ್ಟರೆ ನಾನು ಈ ಮನೆಗೆ ಏನೂ ಕೊಟ್ಟಿಲ್ಲ.

ಇಲ್ಲಿಯವರೆಗೆ ಇದೆಲ್ಲ ತಮಾಷೆಯೇ ಆಗಿತ್ತು. ಆಮೇಲೆ ಅಕ್ಕ ಹೆರಿಗೆಯಾಗಿ ಹಸುಗೂಸು ಎತ್ತಿಕೊಂಡು ಬಂದಳು. ಬಾಣಂತನ ತಮ್ಮೂರು ಬೇತಮಂಗಲದಲ್ಲೇ ಆಗಲಿ ಎಂದು ಅವಳ ಅತ್ತೆ ಹಟ ಹಿಡಿದಿದ್ದರು. ಮಗುವಿನ ಕತ್ತು ನಿಲ್ಲುವವರೆಗಾದರೂ ಅಮ್ಮನ ಹತ್ತಿರ ಇರುತ್ತೇನೆಂದು ಅತ್ತೂ ಕರೆದೂ ಬಂದಿದ್ದಳು. ನಮ್ಮ ಕಡೆ ಬಾಣಂತನವೆಂದರೆ ನೀರೇ. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಮಲಗಿಸಿ ಎರೆಯಬೇಕು. ಆಮೇಲೆ ಬಾಣಂತಿಯ ಬೆನ್ನು ಸೊಂಟಕ್ಕೆ ಕೆಂಪಾಗುವಷ್ಟು ಬಿಸಿನೀರನ್ನು ಚೊಂಬಿನಿಂದ ರಪ್ಪನೆ ಹೊಡೆಯಬೇಕು. ಎರೆಯುವವಳು ಅಜ್ಜಿ. ಅವಳಿಗೆ ಬೇಕಾದದ್ದು ಒಂದು ಹಂಡೆ ನೀರು.

ಸಿಕ್ಕಿದ್ದು ಕೂಸನ್ನೂ ಸೇರಿಸಿ ಎರಡು ಬಕೆಟ್ಟು. ಕೂಸಿಗೂ ಒಂದು ತಲೆ ಇದೆಯಲ್ಲ, ಅಪ್ಪ ಧಾರಾಳಿ.

ಅದೇ ವಾರ ಮೋಡ ಮುಚ್ಚಿಕೊಂಡಿತು. ಸೋಲಾರ್ ನೀರು ಉಗುರುಬೆಚ್ಚಗೂ ಇರಲಿಲ್ಲ. ಅಜ್ಜಿ ಸೀದಾ ಅಪ್ಪನ ಮುಂದೆ ಹೋಗಿ ನಿಂತಳು.

"ಅಂಡೆ ತಂದಿಕ್ಕು, ಒಲೆ ಆಕು. ಈಗ ನೀರು ಬೀಳ್ದಿದ್ರೆ ನಾಳೆ ಸೊಂಟ ಇಡ್ಕಂಡ್ ಕೂರ್ತಾಳೆ ಕಣ್ಲಾ ನಿನ್ ಮಗಳು."

"ಒಂದ್ ಸ್ನಾನಕ್ಕೆ ಅಷ್ಟು ಸೌದೆ ಸುಡ್ತಾರೇನವ್ವ? ನಾಳೆ ಬಿಸ್ಲು ಬತ್ತದೆ."

"ನಿನ್ ಬಿಸ್ಲು ಬರೋ ಗಂಟ ಮೊಮ್ಮಗನ್ನ ಮಹಡಿ ಮೇಲೆ ಒಣಗಾಕ್ಲಾ?"

ಅಮ್ಮ ಕದ್ದು ಗ್ಯಾಸಿನ ಮೇಲೆ ಪಾತ್ರೆ ಇಟ್ಟರೆ ಅಪ್ಪ ಬಂದು ಆರಿಸಿದರು. ಗ್ಯಾಸೂ ಎನರ್ಜಿಯಂತೆ. ಅದೇ ಹೊತ್ತಿಗೆ ಕೊಟ್ಟಿಗೆಯಲ್ಲಿ ಎಮ್ಮೆಗಳಿಗೆ ಹುರುಳಿ ಬೇಯುತ್ತಿತ್ತು, ಮೂರು ಕಲ್ಲಿನ ಒಲೆಯ ಮೇಲೆ, ಧಗಧಗ ಉರಿಯಲ್ಲಿ. ನಾನು ಡೈರಿ ಭಾಷಣದ ಸಾಹೇಬರ ದನಿ ತೆಗೆದು, "ಪ್ರಿಯ ರೈತ ಬಾಂಧವರೇ, ಎಮ್ಮೆಯ ಒಲೆಗೆ ವಿನಾಯಿತಿ ಉಂಟು" ಎಂದೆ. ಯಾರೂ ನಗಲಿಲ್ಲ. ಹಂಡೆಯನ್ನು ನಾನೇ ಹೋಗಿ ಎತ್ತಿಕೊಂಡು ಬರಬಹುದಿತ್ತು, ಭಾರವೇನಲ್ಲ. ಆಡಿಕೊಳ್ಳುವುದು ಅದಕ್ಕಿಂತ ಹಗುರ.

ಮರುದಿನ ಬೆಳಿಗ್ಗೆ ಅಕ್ಕನ ಅತ್ತೆ ಕೂಸು ನೋಡಲು ಬಂದರು, ಸರಿಯಾಗಿ ಎರೆಯುವ ಹೊತ್ತಿಗೆ. ತಣ್ಣೀರು ಬಿದ್ದ ಕೂಸು ತುಟಿ ನಡುಗಿಸಿಕೊಂಡು ಚೀರುತ್ತಿತ್ತು. ಆಕೆ ಬಕೆಟ್ಟಿಗೆ ಬೆರಳು ಅದ್ದಿ ಅಪ್ಪನನ್ನು ನೋಡಿದರು.

"ಏನ್ರೀ ಬೀಗರೇ, ನಿಮ್ಮನೇಲಿ ಅಂಡೆ ಇಲ್ವಾ?"

ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಹೇಳಿಬಿಟ್ಟಳು. "ಅದೆ ಕಣವ್ವ. ಎಮ್ಮೆ ಬಾಣಂತನಕ್ಕೆ ಮಡಗವ್ನೆ."

ಆಕೆ ಜಗಳವಾಡಲಿಲ್ಲ. ಒಳಗೆ ಹೋಗಿ ತೊಟ್ಟಿಲ ಬಟ್ಟೆ ಮಡಚತೊಡಗಿದರು. "ಇನ್ನೊಂದ್ ತಿಂಗಳು ಇರ್ತೀನಿ ಅತ್ತೆಮ್ಮ" ಎಂದು ಅಕ್ಕ ಗೋಗರೆದಳು. "ನಿಂಗ್ ಬ್ಯಾಡಾಂತ ಅನ್ನಲ್ಲಮ್ಮ, ನೀನ್ ಬೇಕಾದ್ರೆ ಇರು. ಕೂಸು ಇಲ್ಲಿರೋದು ಬ್ಯಾಡ" ಎಂದರು ಆಕೆ. ಕೂಸು ಬಿಟ್ಟು ಅವಳೆಲ್ಲಿ ಇದ್ದಾಳು? ಅಪ್ಪ ಆಗ ಕೊಟ್ಟಿಗೆಗೆ ಓಡಿ, ಹಂಡೆಯ ನೀರು ಚೆಲ್ಲಿ, ಹುಣಸೆಹಣ್ಣು ಹಾಕಿ ಗಸಗಸ ತಿಕ್ಕತೊಡಗಿದರು. ಕರಿ ಹೋಗಿ ತಾಮ್ರ ಕಾಣುವ ಹೊತ್ತಿಗೆ ಅಕ್ಕ, ಕೂಸು ಕೂತ ಆಟೋ ಹೊರಟಿತ್ತು.

ಸಂಜೆ ಅಮ್ಮ ಅಕ್ಕನಿಗೆ ಫೋನ್ ಮಾಡಿ ಕೇಳಿದ್ದು ಒಂದೇ: "ಬಿಸಿನೀರು ಉಯ್ದ್ರೇನೆ?" ಹೊಯ್ದರಂತೆ, ಒಂದು ಹಂಡೆ ತುಂಬ. ಕೂಸು ಆಗಿನಿಂದ ನಿದ್ದೆಯಂತೆ.

ಅಪ್ಪ ಪಕ್ಕಕ್ಕೆ ಬಂದು ಮೆಲ್ಲಗೆ, "ಎಷ್ಟ್ ಬಕೆಟ್ಟಂತೆ?" ಎಂದರು.

ಅಮ್ಮ ಫೋನನ್ನು ಅವರ ಕೈಗೇ ಕೊಟ್ಟಳು. "ನೀವೇ ಕೇಳಿ."

ಅಪ್ಪ ಅದನ್ನು ಕಿವಿಗಿಟ್ಟುಕೊಂಡರು. ಆ ಕಡೆಯಿಂದ ಅಕ್ಕ, "ಅಪ್ಪಾ? ಅದೇನ್ ಏಳಪ್ಪ" ಎನ್ನುವುದು ನನಗೂ ಕೇಳಿಸಿತು. ಅಪ್ಪ ಒಂದೆರಡು ಸಲ ಕೆಮ್ಮಿ, ಫೋನನ್ನು ನನಗೆ ಕೊಟ್ಟು ಹಿತ್ತಲಿಗೆ ಹೋದರು.