ಕನ್ನಡದಲ್ಲಿ ವಿವರಿಸಿದ್ದೇನೆಂದು ಸಹಿ ಮಾಡಿದವನು ವಾಶಿಗೆ ಹೋದದ್ದು

2008ರ ದೀಪಾವಳಿ ಕಳೆದ ವಾರ ಗಿರಿಜಕ್ಕನೂ ನಾನೂ ಡೊಂಬಿವಲಿಯಿಂದ ಠಾಣೆಗೆ ಹೊರಟೆವು. ಆಫೀಸಿಗೆ ಹೋಗುವವರ ನೂಕುನುಗ್ಗಲು ಇಳಿಯಲೆಂದು ಹತ್ತೂವರೆಯವರೆಗೆ ಕಾದು ಸ್ಲೋ ಲೋಕಲ್ ಹತ್ತಿದೆವು. ಮಳೆ ಹೋಗಿ ಬಿಸಿಲು ಸುಡುತ್ತಿತ್ತು.

ಗಿರಿಜಕ್ಕ ಉಡುಪಿ ಕಡೆಯವರು, ವಿಧವೆ. ಡೊಂಬಿವಲಿ ಪೂರ್ವದಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದು ಚಕ್ಕುಲಿ ಕರಿದು ಹೋಟೆಲುಗಳಿಗೆ ಕೊಡುತ್ತಿದ್ದರು. ಆ ಕೋಣೆಯನ್ನು ಮಾಲೀಕ ಮಾರಲು ಹೊರಟಿದ್ದ. ತಿಂಗಳ ಕೊನೆಯೊಳಗೆ ಹಣ ತಂದರೆ ನಿಮಗೇ ಎಂದಿದ್ದ. ಹಣ ಒಂದು ವಿಮಾ ಯೋಜನೆಯಲ್ಲಿತ್ತು. ಎರಡು ವರ್ಷದಲ್ಲಿ ಅವರು ಒಂದು ಲಕ್ಷ ಕಟ್ಟಿದ್ದರು, ಮನೆಗೆ ಬಂದ ಕಾಗದ ಈಗ ಸಿಗುವುದು ನಲವತ್ತೊಂದು ಸಾವಿರ ಎನ್ನುತ್ತಿತ್ತು.

ನಾನು ಗದಗಿನ ಕಡೆಯವನು. ಓದಿದ್ದು ಎಸ್ಸೆಸ್ಸೆಲ್ಸಿ. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ನಮ್ಮ ಕನ್ನಡ ಸಂಘದಲ್ಲಿ ಯಾರ ಫಾರ್ಮು ಬಂದರೂ ನಾನೇ ತುಂಬುತ್ತಿದ್ದೆನಾದ್ದರಿಂದ, ಒಂದು ದಿನವೂ ಪಾಠ ಹೇಳದ ನನ್ನನ್ನು ಎಲ್ಲರೂ ಮಾಸ್ತರು ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಭಾನುವಾರ ಈ ಯೋಜನೆಯ ಏಜೆಂಟ್ ಸಂಘಕ್ಕೆ ಬಂದಾಗಲೂ ಫಾರ್ಮು ನನ್ನ ಕೈಗೇ ಬಂತು. ಅದು ಇಂಗ್ಲಿಷಿನಲ್ಲಿತ್ತು. ಅರ್ಜಿದಾರರು ಕನ್ನಡದಲ್ಲಿ ಸಹಿ ಮಾಡಿದರೆ, ‘ಇದನ್ನೆಲ್ಲ ಇವರಿಗೆ ಇವರ ಭಾಷೆಯಲ್ಲಿ ವಿವರಿಸಿದ್ದೇನೆ’ ಎಂದು ಇನ್ನೊಬ್ಬರು ಕೆಳಗೆ ಸಹಿ ಮಾಡಬೇಕಿತ್ತು. ಗಿರಿಜಕ್ಕನೂ ಸೇರಿ ಹನ್ನೊಂದು ಹೆಂಗಸರ ಫಾರ್ಮುಗಳಿಗೆ ನಾನು ಸಹಿ ಮಾಡಿದೆ. ನಾನು ವಿವರಿಸಿದ್ದು ಇಷ್ಟೇ: “ಬ್ಯಾಂಕ್ ಇದ್ದಂಗ. ಸ್ವಲ್ಪ ಹೆಚ್ಚಿಗಿ ಬರತೈತಿ.”

ಠಾಣೆಯಲ್ಲಿಳಿದು ಇಪ್ಪತ್ತು ರೂಪಾಯಿಗೆ ರಿಕ್ಷಾ ಹಿಡಿದು ವಾಗ್ಳೆ ಎಸ್ಟೇಟಿನಲ್ಲಿದ್ದ ವಿಮಾ ಕಂಪನಿಯ ಶಾಖೆಗೆ ಹೋದೆವು. ಕೌಂಟರಿನ ಹುಡುಗಿ ಕಾಗದ ನೋಡಿ, “ಆಜಿ, ಹೇ ಇಥೆ ನಾಹಿ ಹೋಣಾರ್. ವಾಶೀಲಾ ಜಾ” ಎಂದಳು, ಇಲ್ಲಿ ಆಗುವುದಿಲ್ಲ, ವಾಶಿಗೆ ಹೋಗಿ ಎಂದು. ಮತ್ತೆ ಸ್ಟೇಷನ್ನಿಗೆ ಬಂದು ವಾಶಿಯ ಗಾಡಿ ಹತ್ತಿದೆವು. ಮಧ್ಯಾಹ್ನವಾದ್ದರಿಂದ ಡಬ್ಬಿ ಬಹುಪಾಲು ಖಾಲಿ, ಇಬ್ಬರಿಗೂ ಕಿಟಕಿ ಸಿಕ್ಕಿತು.

“ಅಮೇರಿಕದಲ್ಲಿ ಯಾರೋ ಮನೆಸಾಲ ಕಟ್ಟದಿದ್ರೆ ನನ್ನ ಚಕ್ಕುಲಿ ಹಣಕ್ಕೆ ಎಂತ ಆಗುವುದು ಮಾಷ್ಟ್ರೆ?” ಎಂದರು ಗಿರಿಜಕ್ಕ.

“ಅವೆಲ್ಲಾ ಒಂದಕ್ಕೊಂದು ಕೂಡಿರತಾವ್ರಿ ಅಕ್ಕಾರ” ಎಂದೆ. ಟೀವಿಯಲ್ಲಿ ಹಾಗೆ ಹೇಳಿದ್ದರು.

ವಾಶಿಯ ಕಚೇರಿ ನಾಲ್ಕನೇ ಮಹಡಿಯಲ್ಲಿತ್ತು, ಒಳಗೆ ಮೈ ನಡುಗುವಷ್ಟು ಎಸಿ. ಒಂದು ಗಂಟೆ ಕಾದ ಮೇಲೆ ನಮ್ಮ ಸರದಿ ಬಂತು. ಅಧಿಕಾರಿ ಬೆಂಗಳೂರಿನವರು. ನಾವು ಕನ್ನಡದವರೆಂದು ತಿಳಿದು ಕುರ್ಚಿ ಎಳೆದು ಕೂರಿಸಿದರು.

“ನೀವು ಕಟ್ಟಿದ್ರಲ್ಲಿ ಮೊದಲು ಕಂಪನಿ ಖರ್ಚು ಹಿಡ್ಕೊಳ್ಳುತ್ತೆ ಅಮ್ಮ. ಉಳಿದಿದ್ದಕ್ಕೆ ಯೂನಿಟ್ ಅಂತ ಪಾಲು ಕೊಟ್ಟು, ಆ ದುಡ್ಡಲ್ಲಿ ಶೇರು ತಗೊಳ್ತಾರೆ. ಅದೇ ಶೇರನ್ನ ಹೊರದೇಶದ ದೊಡ್ಡ ದೊಡ್ಡ ಫಂಡುಗಳೂ ತಗೊಂಡಿದ್ವು. ಅವರ ಊರಲ್ಲಿ ಬ್ಯಾಂಕು ಮುಳುಗ್ತು, ಕ್ಯಾಶ್ ಬೇಕಾಯ್ತು, ಇಲ್ಲಿ ಮಾರ್ಕೊಂಡು ಹೊರಟ್ರು. ಎಲ್ಲಾರೂ ಒಟ್ಟಿಗೆ ಮಾರಿದ್ರೆ ರೇಟ್ ಬಿದ್ದೇ ಬೀಳುತ್ತೆ.”

“ತೆಂಗಿನಕಾಯಿ ಹಾಗೆ” ಎಂದರು ಗಿರಿಜಕ್ಕ. “ಕಾಯಿ ಅಷ್ಟೇ ಉಂಟು, ರೇಟು ಇಲ್ಲ.”

“ಕರೆಕ್ಟ್ ಅಮ್ಮ!”

“ಆದ್ರೆ ಕಾಯಿ ನಮ್ಮ ಮನೆ ಅಟ್ಟದಲ್ಲೇ ಇರ್ತದೆ. ಇದು ಎಲ್ಲುಂಟು?”

ಅಧಿಕಾರಿ ಮೇಜಿನ ಮೇಲಿನ ಕಂಪ್ಯೂಟರಿನ ಕಡೆ ಕೈ ತೋರಿಸಿದರು. ಯೂನಿಟ್ಟಿನ ಲೆಕ್ಕ ಈ ಕಂಪ್ಯೂಟರಿನಲ್ಲಿದೆ, ಶೇರು ಇನ್ನೊಂದು ಸಂಸ್ಥೆಯ ವಶದಲ್ಲಿದೆ, ಅದನ್ನು ನೋಡಿಕೊಳ್ಳಲು ಮತ್ತೊಂದು ಬ್ಯಾಂಕಿದೆ ಎಂದರು.

ನಾನು ಕೇಳಿದೆ, “ಮಾರಿದವ್ರಿಗೆ ರೊಕ್ಕ ಸಿಕ್ತಲ್ರೀ ಸಾಹೇಬ್ರ. ಹಂಗಾರ ಅಕ್ಕಾರ ರೊಕ್ಕ ಅವರ ಒಯ್ದ್ರೇನು?”

“ಯಾರೂ ಒಯ್ದಿಲ್ಲ ಸಾರ್. ಬೆಲೆ ಕಮ್ಮಿ ಆಗಿದೆ, ಅಷ್ಟೆ.”

ಯಾರೂ ಒಯ್ಯದೆ ಹಣ ಹೇಗೆ ಕಡಿಮೆಯಾಗುತ್ತದೆಂಬುದು ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ.

ಆಮೇಲೆ ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಗಿರಿಜಕ್ಕನ ಫಾರ್ಮು, ಕೆಳಗೆ ನನ್ನ ಸಹಿ. “ಕನ್ನಡದಲ್ಲಿ ವಿವರಿಸಿದ್ದೀನಿ ಅಂತ ಇಲ್ಲಿ ಒಬ್ಬರು ಸೈನ್ ಮಾಡಿದ್ದಾರೆ. ಅವರು ನಿಜವಾಗ್ಲೂ ಹೇಳಿರಲಿಲ್ಲ ಅಂದ್ರೆ ಕಂಪ್ಲೇಂಟ್ ಬರ್ಕೊಡಿ. ಕಟ್ಟಿದ್ದು ಪೂರ್ತಿ ವಾಪಸ್ ಕೇಳೋಕೆ ಅದೊಂದೇ ದಾರಿ. ಹೇಳಿದ್ರಾ ಅಮ್ಮ?”

ಗಿರಿಜಕ್ಕ ಬಗ್ಗಿ ನೋಡಿದರು. “ಇದು ನಮ್ಮ ಮಾಷ್ಟ್ರ ಸೈನು. ಅವರು ಎಲ್ಲ ಹೇಳಿದ್ದಾರೆ. ನನ್ನ ಮಂಡೆಗೆ ಹೋಗ್ಲಿಲ್ಲ, ಅಷ್ಟೆ.”

ಅಧಿಕಾರಿ ನನ್ನನ್ನು ನೋಡಿದರು. ನಾನು ನನ್ನ ಚಪ್ಪಲಿಯನ್ನು ನೋಡಿದೆ.

ಕೆಳಗೆ ಬಂದಾಗ ಗಿರಿಜಕ್ಕನೇ ನನಗೆ ವಡಾಪಾವ್, ಚಹಾ ಕೊಡಿಸಿದರು. “ನನ್ನಿಂದ ನಿಮ್ಮ ಒಂದು ದಿನ ಹಾಳಾಯ್ತು” ಎಂದರು. ಡೊಂಬಿವಲಿಗೆ ಎರಡು ಟಿಕೆಟ್ ತೆಗೆದು ಠಾಣೆಯ ಗಾಡಿ ಹತ್ತಿದೆವು. ತುರ್ಭೆ ದಾಟಿತು. ಕೋಪರ್‌ಖೈರಣೆ ದಾಟಿದ ಮೇಲೆ ಹೇಳಿಬಿಟ್ಟೆ.

“ಅಕ್ಕಾರ, ನಾ ನಿಮಗ ಏನೂ ವಿವರಿಸಿಲ್ಲ. ನನಗ ತಿಳಿದಿರಲಿಲ್ಲ.”

“ಓದ್ಲೇ ಇಲ್ವಾ ನೀವು?”

“ಓದಿದ್ನಿ. ತಿಳೀಲಿಲ್ಲ.”

“ಹಾಗಂತ ಹೇಳ್ಲಿಕ್ಕೆ ಎಂತ ಆಗಿತ್ತು?”

“ನಾಚಿಕಿ. ಆ ಏಜೆಂಟ ಎಲ್ಲಾರ ಮುಂದ ನನ್ನ ಸರ್ ಅಂದಿದ್ದ.”

ಅವರು ನನ್ನ ಕಡೆ ತಿರುಗಿದರು. “ಅಲ್ಲ ಮಾರಾಯ್ರೆ, ಆ ಆಫೀಸರನ ಎದುರು ನಾನು ದಡ್ಡಿ ಅಂತ ನನ್ನ ಬಾಯಿಂದಲೇ ಹೇಳಿ ಬಂದೆ. ನೀವು ಪಕ್ಕದಲ್ಲೇ ಕೂತಿದ್ರಿ.”

ಘಣಸೋಲಿಯಲ್ಲಿ ಗಾಡಿ ನಿಂತದ್ದೇ ಅವರು ಚೀಲ ಎತ್ತಿಕೊಂಡು ಇಳಿದರು. ನಾನೂ ಹಿಂದೆಯೇ ಇಳಿದೆ. “ಆಫೀಸು ಐದಕ್ಕೆ ಮುಚ್ಚುವುದಲ್ವಾ? ಬನ್ನಿ” ಎಂದರು. ಎಂಟು ರೂಪಾಯಿ ಕೊಟ್ಟು ಮತ್ತೆ ವಾಶಿಗೆ ಟಿಕೆಟ್ ತೆಗೆದೆ.

ವಿಷಯ ಕೇಳಿ ಅಧಿಕಾರಿ ಕಂಪ್ಲೇಂಟ್ ಬರೆಯಲು ಬಿಳಿ ಹಾಳೆ ಕೊಟ್ಟರು. ‘ಅರ್ಜಿಯಲ್ಲಿದ್ದದ್ದು ನನಗೇ ಅರ್ಥವಾಗಿರಲಿಲ್ಲ. ವಿವರಿಸಿದ್ದೇನೆಂದು ಸುಳ್ಳು ಸಹಿ ಮಾಡಿದೆ’ ಎಂದು ಬರೆದೆ. ಗಿರಿಜಕ್ಕ ಒಂದೊಂದೇ ಪದ ಬೆರಳಿಟ್ಟು ಓದಿ, ಹಾಳೆಯನ್ನು ನನ್ನ ಕಡೆ ತಳ್ಳಿದರು.

“ಇನ್ನೂ ಒಂದು ಬರೀರಿ. ಗಿರಿಜಾಗೆ ಮಂಡೆ ಉಂಟು. ಸರಿಯಾಗಿ ಹೇಳಿದ್ರೆ ಅರ್ಥ ಆಗ್ತಿತ್ತು ಅಂತ.”

ಬರೆದೆ. ಅಧಿಕಾರಿ ಮೊಹರು ಒತ್ತಿ ನಕಲು ಕೊಟ್ಟರು. “ದುಡ್ಡು ಬಂದೇ ಬರುತ್ತೆ ಅಂತ ಹೇಳಲ್ಲಮ್ಮ” ಎಂದರು. ಅದು ಬಂತು, ಆದರೆ ಮುಂದಿನ ಮಳೆಗಾಲಕ್ಕೆ. ಅಷ್ಟರೊಳಗೆ ಕೋಣೆ ಬೇರೆಯವರ ಪಾಲಾಗಿತ್ತು.

ವಾಶಿ ಸ್ಟೇಷನ್ನಿನಲ್ಲಿ ಈ ಸಲ ಡೊಂಬಿವಲಿಗೆ ಒಂದು, ಕಲ್ಯಾಣಕ್ಕೆ ಒಂದು ಟಿಕೆಟ್ ತೆಗೆದೆ.

“ಕಲ್ಯಾಣದಲ್ಲಿ ಎಂತ ಕೆಲಸ?”

“ಸುಮತಿಬಾಯಾರ ಮನಿ ಅಲ್ಲೈತ್ರಿ. ಅವರ ಫಾರ್ಮಿಗೂ ನಂದ ಸಹಿ.”

“ಉಳಿದವರು?”

“ಇನ್ನೂ ಒಂಬತ್ತು ಮಂದಿ. ನಾಳಿಂದ ಹೋಗತೇನಿ.”

ಠಾಣೆಯಲ್ಲಿ ಗಾಡಿ ಬದಲಿಸುವಾಗ ಅವರು ಹೆಂಗಸರ ಡಬ್ಬಿ ಹತ್ತಿದರು. ನಾನು ಜನರಲ್ ಡಬ್ಬಿಯಲ್ಲಿ ಕಂಬಿ ಹಿಡಿದು ನಿಂತೆ. ಡೊಂಬಿವಲಿಯಲ್ಲಿ ಗಾಡಿ ಅರ್ಧ ಖಾಲಿಯಾಯಿತು. ಬಾಗಿಲಿನಿಂದ ಇಣುಕಿದಾಗ ಗಿರಿಜಕ್ಕ ಸೇತುವೆಯ ಮೆಟ್ಟಿಲು ಹತ್ತುತ್ತಿದ್ದರು, ಕಾಗದದ ನಕಲು ಇನ್ನೂ ಕೈಯಲ್ಲೇ ಇತ್ತು. ತಿರುಗಿ ನೋಡಲಿಲ್ಲ. ಸುಮತಿಬಾಯಿಯವರಿಗೆ ಯಾವ ಮಾತಿನಿಂದ ಶುರುಮಾಡಬೇಕೆಂದು ಯೋಚಿಸುತ್ತಿರುವಾಗಲೇ ಗಾಡಿ ಹೊರಟಿತು.