ಹನ್ನೊಂದನೇ ತಿರುವಿನ ಕಲ್ಲು

ಬೋಡಿಯಿಂದ ಬೋಡಿಮೆಟ್ಟಿಗೆ ಹದಿನೇಳು ಕಡಿದಾದ ತಿರುವು. ಪಳನಿಸಾಮಿ ಅವನ್ನು ಇಪ್ಪತ್ತೆಂಟು ವರ್ಷ ಹತ್ತಿದ, ಇಳಿದ. ಏಲಕ್ಕಿ ತೋಟದ ಕೂಲಿ ಹೆಂಗಸರನ್ನು ಜೀಪಿಗೆ ತುಂಬಿಕೊಂಡು ಬೆಳಕು ಹರಿಯುವ ಹೊತ್ತಿಗೆ ಹೊರಟರೆ, ಸಂಜೆ ಅವರನ್ನೇ ಕರೆದುಕೊಂಡು ಇಳಿಯುವುದು. ಅಷ್ಟು ವರ್ಷದಲ್ಲಿ ಅವನ ಜೀಪು ಹತ್ತಿದ ಒಬ್ಬಳಿಗೂ ಒಂದು ಗೀರು ಬಿದ್ದದ್ದಿಲ್ಲ. ಪಳನಿಸಾಮಿಯ ಜೀಪೆಂದರೆ ತೊಟ್ಟಿಲಿದ್ದ ಹಾಗೆ ಅನ್ನುತ್ತಾರೆ ಊರಿನವರು, ಈಗಲೂ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನ ಮುಖ ಹುಳ್ಳಗಾಗುತ್ತದೆ. ಜನ ಅದನ್ನು ವಿನಯ ಅಂದುಕೊಂಡಿದ್ದಾರೆ. ವಿನಯವಂತೆ ವಿನಯ!

ಮುಚ್ಚಿಡುವುದೇನಿದೆ, ಮೊದಲೇ ಹೇಳಿಬಿಡುವುದು ಒಳ್ಳೆಯದು. ತಂಗಿ ವೀರಮ್ಮಾಳ ಗಂಡ ಮುತ್ತುಸಾಮಿ ಸತ್ತದ್ದು ಪಳನಿಸಾಮಿಯ ಕಲ್ಲಿನಿಂದ. ಅದು ಪಳನಿಸಾಮಿ ಒಬ್ಬನಿಗೇ ಗೊತ್ತಿತ್ತು.

ಅವನ ಜೀಪಿನ ಹ್ಯಾಂಡ್‌ಬ್ರೇಕು ಹಿಡಿಯುತ್ತಿರಲಿಲ್ಲ. ಆ ಕಾಲದಲ್ಲಿ ಯಾರ ಜೀಪಿನದು ಹಿಡಿಯುತ್ತಿತ್ತು ಹೇಳಿ? ಏರಿನಲ್ಲಿ ನಿಲ್ಲಿಸಿದರೆ ಹಿಂದಿನ ಗಾಲಿಗೆ ಒಂದು ಕಲ್ಲು ಕೊಡುವುದು, ಹೊರಡುವಾಗ ಕೊನೆಗೆ ಹತ್ತುವ ಹೆಂಗಸಿನ ಕೈಯಲ್ಲಿ ಆ ಕಲ್ಲನ್ನು ಚರಂಡಿಗೆ ತಳ್ಳಿಸುವುದು. ಘಾಟಿ ಓಡಿಸುವವರಲ್ಲಿ ಅರ್ಧ ಜನ ಆ ಕೊನೆಯ ಕೆಲಸವನ್ನು ಮಾಡುವುದೇ ಇಲ್ಲ. ಕಲ್ಲು ರಸ್ತೆಯಲ್ಲೇ ಕೂತಿರುತ್ತದೆ, ಹಿಂದೆ ಬರುವವನ ಹಣೆಬರಹ. ಪಳನಿಸಾಮಿ ಅಂಥವನಲ್ಲ. ಆದರೆ ಹತ್ತೊಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ, ಮಂಜು ಮುಸುಕಿದ ಹನ್ನೊಂದನೇ ತಿರುವಿನಲ್ಲಿ ನಾಲ್ಕು ಹೆಂಗಸರನ್ನು ಹತ್ತಿಸಿಕೊಳ್ಳುವಾಗ, ಹಿಂದೆ ನಿಂತ ಬಸ್ಸಿನವನು ಒಂದೇ ಸಮನೆ ಹಾರ್ನ್ ಹೊಡೆದ. ಕಲ್ಲು ತೆಗೆಯಲು ಬಗ್ಗಿದವಳಿಗೆ ಪಳನಿಸಾಮಿಯೇ ಕೂಗಿದ, "ಬುಡು ಬುಡು, ಹತ್ತು!" ಅವಳು ಹತ್ತಿದಳು. ಜೀಪು ಹೋಯಿತು, ಬಸ್ಸೂ ಕಲ್ಲು ತಪ್ಪಿಸಿಕೊಂಡು ಹೋಯಿತು.

ಮುತ್ತುಸಾಮಿ ಮೇಲಿನ ತೋಟದಲ್ಲಿ ಏಲಕ್ಕಿ ಒಣಗಿಸುವ ಮನೆಗೆ ಕಾವಲುಗಾರ. ಪಾಳಿ ಮುಗಿಸಿ ಮೊಪೆಡ್ಡಿನಲ್ಲಿ ಇಳಿದು ಬರುತ್ತಿದ್ದ. ಇಳಿಯುವ ಗಾಡಿ ತಿರುವಿನಲ್ಲಿ ಅಗಲಕ್ಕೆ, ಏರುವವರ ಬದಿಗೆ, ಬಂದೇ ಬರುತ್ತದೆ. ಹೆಂಗಸರನ್ನು ಇಳಿಸಿ ಪಳನಿಸಾಮಿ ಖಾಲಿ ಜೀಪಿನಲ್ಲಿ ವಾಪಸು ಬಂದಾಗ ಅಲ್ಲಿ ಜನ ಸೇರಿದ್ದರು, ಭಾವಮೈದುನ ಕೆಳಗೆ ಬಂಡೆಯ ಮೇಲೆ ಬಿದ್ದಿದ್ದ. ರಸ್ತೆಯ ಮೇಲೆ ಆ ಕಲ್ಲು. ಅದರ ಮೂತಿಗೆ ಟೈರು ಉಜ್ಜಿದ ಕರಿ ಗುರುತು. ಪಳನಿಸಾಮಿ ಏನು ಮಾಡಿದ? ಆಂಬುಲೆನ್ಸಿಗೆ ದಾರಿ ಮಾಡುವವನ ಹಾಗೆ ಆ ಕಲ್ಲನ್ನು ಎತ್ತಿ ಕಣಿವೆಗೆ ಉರುಳಿಸಿದ. ಪಾಪ, ಇಂಥ ಹೊತ್ತಿನಲ್ಲೂ ಎಷ್ಟು ನಿಗಾ ನೋಡು, ಅಂದರು ನೋಡಿದವರು.

ಆಮೇಲೆ ಬಂದ ಪೊಲೀಸಿನವನು ಕೇಳಿದ, ಕುಡಿಯುವ ಅಭ್ಯಾಸವಿತ್ತಾ ಅಂತ. ಪಳನಿಸಾಮಿ ಹೇಳಿದ, "ಕುಡೀತಿದ್ದ ಸಾರ್."

ಸುಳ್ಳಲ್ಲ. ಕುಡಿಯುತ್ತಿದ್ದವನೇ. ಆದರೆ ಎಂಟು ತಿಂಗಳ ಹಿಂದೆ ಅಮ್ಮನ ಗುಡಿಯಲ್ಲಿ ಪೂಜಾರಿಯ ಮುಂದೆ ಕೂತು, ಇನ್ನು ಮುಟ್ಟುವುದಿಲ್ಲವೆಂದು ಕೈಗೆ ಹಳದಿ ದಾರ ಕಟ್ಟಿಸಿಕೊಂಡಿದ್ದ. ಕಯಿರು ಕಟ್ಟುವುದೆಂದರೆ ಈ ಸೀಮೆಯಲ್ಲಿ ಆಟವಲ್ಲ; ಕಟ್ಟಿಸಿಕೊಂಡು ಕುಡಿದವನನ್ನು ಅಮ್ಮ ಉಳಿಸುವುದಿಲ್ಲವೆಂದು ನಂಬಿದ ಜನ. ಅದಕ್ಕೆ ಸಾಕ್ಷಿಯಾಗಿ ಪಕ್ಕದಲ್ಲಿ ಕೂತಿದ್ದವನು ಯಾರು? ಇದೇ ಪಳನಿಸಾಮಿ. ಸಾಕ್ಷಿಯೇ ಕುಡೀತಿದ್ದ ಅಂದ ಮೇಲೆ ಊರಿಗೆ ಇನ್ನೇನು ಬೇಕು? ಸಂಜೆಯೊಳಗೆ ತೇನಿಯವರೆಗೂ ಸುದ್ದಿ: ಕಯಿರು ಕಟ್ಟಿಕೊಂಡು ಕುಡಿದನಂತೆ, ಅಮ್ಮ ಕರೆದುಕೊಂಡಳಂತೆ. ವೀರಮ್ಮಾಳ್ ಹೆಣದ ಕೈಯಿಂದ ಆ ದಾರವನ್ನು ತಾನೇ ಕತ್ತರಿಸಿ ಮೋರಿಗೆ ಎಸೆದಳು. ಅಣ್ಣ ಎದುರಿಗೇ ನಿಂತಿದ್ದ. ಬಾಯಿ ಬಿಡಲಿಲ್ಲ.

ಬಾಯಿ ಬಿಡದವನು ಕೈ ಮಾತ್ರ ಧಾರಾಳವಾಗಿ ಬಿಟ್ಟ. ಆಗ ಎಂಟು ವರ್ಷದವಳಾಗಿದ್ದ ತಂಗಿಯ ಮಗಳು ತೇನ್‌ಮೊಳಿಗೆ ಅಪ್ಪನಂತೆ ನಿಂತ. ಅವಳು ದೊಡ್ಡವಳಾದಾಗ ಸೋದರಮಾವನ ಸೀರೆ ತಂದ, ದಿಂಡಿಗಲ್ಲಿನ ಕಾಲೇಜಿಗೆ ಸೇರಿಸಿದ, ವಾರವಾರ ಬಸ್‌ಸ್ಟ್ಯಾಂಡಿಗೆ ಹೋಗಿ ಕರೆತಂದ. ಇಂಥ ಮಾವ ಯಾರಿಗುಂಟು ಅಂದರು ಜನ. ಹುಡುಗಿ ಅಪ್ಪನ ಫೋಟೋಕ್ಕೆ ಒಂದು ಹೂವೂ ಇಡದೆ ಬೆಳೆದಳು. ಯಾರಾದರೂ ಕೇಳಿದರೆ, ಕುಡುಕನಿಗೇನು ಹೂವು, ಅನ್ನುತ್ತಿದ್ದಳು.

ತೇನ್‌ಮೊಳಿಗೆ ಈಗ ಇಪ್ಪತ್ತೇಳು. ಮನೆಯಲ್ಲೇ ಕೂತು ಚೆನ್ನೈನ ಒಂದು ಕಂಪನಿಗೆ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾಳೆ. ಕಂಪನಿಯದು ವಿಡಿಯೋ ಗೇಮು. ಆಡುವವನು ಕಾರನ್ನೋ ಜೀಪನ್ನೋ ಹಿಡಿದು ಮನಸ್ಸಿಗೆ ಬಂದ ಕಡೆ ಹೋಗಬಹುದು, ಗುರಿಯೂ ಇಲ್ಲ, ಗಡಿಯೂ ಇಲ್ಲ. ದಿಂಡಿಗಲ್ಲಿಂದ ತೇನಿ, ಅಲ್ಲಿಂದ ಕಂಬಂ ಕಣಿವೆ, ಎಲ್ಲ ಹೈವೇಯೂ ಅದರೊಳಗಿದೆ. ಆ ರಸ್ತೆಗಳ ಮೇಲೆ ಅಪಾಯಗಳನ್ನು ಇಡುವುದು ತೇನ್‌ಮೊಳಿಯ ಕೆಲಸ. ತಪ್ಪಿಸಿಕೊಂಡರೆ ಪಾಯಿಂಟು. ಬಯಲಿನ ರಸ್ತೆಯನ್ನು ಒಬ್ಬಳೇ ಮುಗಿಸಿದ್ದಳು: ವೇದಸಂದೂರಿನ ಹತ್ತಿರ ದೀಪ ಹಾಕದೆ ನಿಂತ ಲಾರಿ, ನೂಲಿನ ಮಿಲ್ಲಿನವರನ್ನು ತುಂಬಿಕೊಂಡು ತಪ್ಪು ದಿಕ್ಕಿನಲ್ಲೇ ನುಗ್ಗುವ ವ್ಯಾನು, ತೇನಿ ದಾಟಿದ ಮೇಲೆ ಬಾಳೆಗೊನೆ ಚೆಲ್ಲುತ್ತ ಹೋಗುವ ಟ್ರಾಕ್ಟರು. ಘಾಟಿಗೆ ಬಂದಾಗ ಮಾವ ಬೇಕಾದ.

"ಮಾವ, ಘಾಟಿಲಿ ಏನೇನ್ ಆಪತ್ತು ಐತೆ ಅಂತ ನಂಗೆ ಹೇಳ್ಕೊಡು," ಅಂದಳು. ಅವಳ ಬಾಯಲ್ಲಿ ತಮಿಳೇ ಹೆಚ್ಚು. ಮನೆಯ ಕನ್ನಡ ಬರುವುದು ಮಾವನಿಂದ ಏನಾದರೂ ಆಗಬೇಕಾದಾಗ ಮಾತ್ರ.

ಹತ್ತು ದಿನ ಪಳನಿಸಾಮಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಮುಪ್ಪಿನಲ್ಲಿ ಅಂಥ ಸುಖ ಅವನಿಗೆ ಸಿಕ್ಕಿರಲಿಲ್ಲ. ಮಧ್ಯಾಹ್ನದಲ್ಲೂ ದಿಢೀರನೆ ಇಳಿಯುವ ಮಂಜು, ಬಂಡೆಯಿಂದ ರಸ್ತೆಗೆ ಸುರಿಯುವ ನೀರು, ತಿರುಗುವಾಗ ಎದುರಿನವನನ್ನು ಗೋಡೆಗೆ ಒತ್ತುವ ಬಸ್ಸಿನ ಬಾಲ, ಕಾಟಿ, ಅಂದರೆ ಕಾಡುಕೋಣ, ಬಂದರೆ ಹಾರ್ನ್ ಹೊಡೆಯದೆ ನಿಲ್ಲಬೇಕು ಅನ್ನುವುದು, ಏರುವವನಿಗೆ ಇಳಿಯುವವನು ದಾರಿ ಬಿಡಬೇಕು ಅನ್ನುವುದು, ಒಂದನ್ನೂ ಬಿಡದೆ ಹೇಳಿದ. ವೀರಮ್ಮಾಳ್ ಕಾಫಿ ತಂದು ಕೊಟ್ಟು, "ನೋಡಮ್ಮಾ ನಮ್ಮಣ್ಣನ್ನ, ಕಂಪನಿ ಆಫೀಸರ್ ಆಗ್ಬುಟ್ಟ," ಎಂದು ನಗುತ್ತಿದ್ದಳು.

ಹನ್ನೊಂದನೇ ತಿರುವು ಬಂದಾಗ ಅವನು ಅಂದ, "ಇಲ್ಲೇನೂ ಇಲ್ಲ ತಾಯಿ. ಮುಂದಕ್ಕ್ ಹೋಗು."

ತೇನ್‌ಮೊಳಿ ಕೈ ನಿಲ್ಲಿಸಿದಳು. "ನಮ್ಮಪ್ಪ ಬಿದ್ದಿದ್ದು ಇಲ್ಲೇ ತಾನೇ ಮಾವ?"

"ಆಮಾ, ಇಲ್ಲೇ."

"ಹಂಗಾದ್ರೆ ಇಲ್ಲೇನ್ ಇಡ್ಬೇಕು ಅಂತ ನಂಗೊತ್ತು."

ಆಗ ಹೇಳಬಹುದಿತ್ತು. ಬಾಗಿಲ ಹತ್ತಿರ ತಂಗಿ ಕೂಡ ಇರಲಿಲ್ಲ, ಹಿತ್ತಿಲಲ್ಲಿದ್ದಳು. ಒಂದು ಮಾತು: ಅಲ್ಲಿ ಕಲ್ಲಿತ್ತು, ನಿಮ್ಮಪ್ಪ ಕುಡಿದಿರಲಿಲ್ಲ. ಆದರೆ ಹೇಳಿದರೆ ಈ ಕುರ್ಚಿ ಹೋಗುತ್ತದೆ, ಈ ಕಾಫಿ ಹೋಗುತ್ತದೆ, ಮಾವ ಅನ್ನುವ ಈ ಕರೆ ಹೋಗುತ್ತದೆ ಅನ್ನಿಸಿತು. ಎದ್ದು ಹೊರಗೆ ಹೋಗಿ ಉಗಿದು ಬಂದು, "ಹನ್ನೆರಡನೇದು ನೋಡು," ಅಂದ. ಹೇಡಿ!

ಮೂರು ವಾರ ಬಿಟ್ಟು ಅವಳು ಕರೆಸಿದಳು. ರಸ್ತೆ ಮುಗಿದಿತ್ತು. ವೀರಮ್ಮಾಳ್ ಕೂಡ ಕೈ ಒರೆಸಿಕೊಂಡು ಬಂದು ಬಾಗಿಲಿಗೆ ಒರಗಿ ನಿಂತಳು. ಪರದೆಯ ಮೇಲೆ ಜೀಪು ಏರಿತು. ಪಳನಿಸಾಮಿಗೆ ಕಣ್ಣು ತುಂಬಿ ಬಂತು, ಅದೇ ಬಂಡೆ, ಅದೇ ನೀರು, ಅದೇ ಮಂಜು. ಹನ್ನೊಂದನೇ ತಿರುವಿನಲ್ಲಿ ಮಂಜಿನೊಳಗಿಂದ ಒಂದು ಮೊಪೆಡ್ಡು ಇಳಿಯಿತು. ಮೇಲಿದ್ದವನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂರಾಡುತ್ತಿದ್ದ. ಒಂದು ಕೈಯಲ್ಲಿ ಬಾಟಲಿ. ಇನ್ನೊಂದು ಕೈಯ ಮಣಿಕಟ್ಟಿನಲ್ಲಿ ಹಳದಿ ದಾರ, ಅದನ್ನೂ ಮರೆಯದೆ ಬರೆದಿದ್ದಳು. ಜೀಪಿನ ಮೂತಿಯ ಮುಂದೆಯೇ ಹಾದು ಕಣಿವೆಗೆ ಹೋದ.

"ಎಂಗೈತೆ ಮಾವ?" ಅಂದಳು ತೇನ್‌ಮೊಳಿ. "ನಮ್ಮಪ್ಪ. ನಂಗೇನೂ ಮಾಡ್ಲಿಲ್ಲ, ಲೋಕಕ್ಕೆ ಇಷ್ಟಾದ್ರೂ ಉಪಯೋಗಕ್ಕೆ ಬರ್ಲಿ."

ನಗಬೇಕೆಂದು ಹೇಳಿದ್ದು, ಆದರೆ ಅವಳಿಗೂ ನಗು ಬರಲಿಲ್ಲ. ವೀರಮ್ಮಾಳ್ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಹತ್ತೊಂಬತ್ತು ವರ್ಷ ಊರಿನ ಬಾಯಲ್ಲಿ ಕುಡುಕನಾಗಿದ್ದು ಸಾಲದೆ, ಮಗಳ ಕೈಯಿಂದಲೇ ಮುತ್ತುಸಾಮಿ ಮತ್ತೆ ಮತ್ತೆ ಬೀಳಬೇಕಾ?

"ಅವ್ನು ಕುಡ್ದಿರ್ಲಿಲ್ಲ," ಅಂದ ಪಳನಿಸಾಮಿ. "ಅಲ್ಲಿ ಕಲ್ಲಿತ್ತು. ನಾ ಇಟ್ಟ ಕಲ್ಲು."

ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಬಸ್ಸಿನ ಹಾರ್ನು, ತಾನು ಕೂಗಿದ್ದು, ಕರಿ ಗುರುತು, ಕಣಿವೆಗೆ ಉರುಳಿಸಿದ್ದು, ಪೊಲೀಸಿನವನಿಗೆ ಹೇಳಿದ ಎರಡು ಮಾತು, ಎಲ್ಲವನ್ನೂ ಹೇಳಿದ. ಒಲೆಯ ಮೇಲಿನ ಹಾಲು ಉಕ್ಕಿ ಸುಟ್ಟ ವಾಸನೆ ಬಂತು. ಯಾರೂ ಎದ್ದು ಹೋಗಲಿಲ್ಲ.

"ಅಣ್ಣಾ," ಅಂದಳು ವೀರಮ್ಮಾಳ್, "ಅವತ್ತು ಅವ್ರು ಕುಡ್ದೇ ಇರ್ಲಿಲ್ವಾ?"

"ಇಲ್ಲಮ್ಮಾ. ಕಯಿರು ಕಟ್ಟಿದ್ಮೇಲೆ ಒಂದ್ ದಿನಾನೂ ಮುಟ್ಲಿಲ್ಲ. ನಂಗೊತ್ತು."

"ನಾನ್ ಅದನ್ನ ಕತ್ರಿಸಿ ಮೋರಿಗ್ ಎಸ್ದೆನಲ್ಲಣ್ಣಾ. ನೀನ್ ನೋಡ್ತಾ ನಿಂತಿದ್ದೆ." ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. "ಕಲ್ಲು ಯಾರ್ ಕೈಯಿಂದ್ಲಾದ್ರೂ ಉಳ್ದೋಗ್ತದೆ. ಅದಕ್ಕೆ ನಾನ್ ನಿನ್ನ ಏನೂ ಅನ್ನಲ್ಲ. ಆ ಮಾತು ನಿನ್ ಬಾಯಿಂದ ಬಂತಲ್ಲಾ, ಪಾಪಿ! ಅದನ್ ನಂಬಿ ನಾನು ಹತ್ತೊಂಬತ್ ವರ್ಷ ಗಂಡಂಗೆ ಶಾಪ ಹಾಕ್ದೆ. ಏಳು. ಇವಳ್ ಮದ್ವೇಲಿ ಮಾವ ಅಂತ ಬಂದ್ ನಿಲ್ಬೇಡ."

ಪಳನಿಸಾಮಿ ಎದ್ದ. ತೇನ್‌ಮೊಳಿ ಪರದೆ ನೋಡುತ್ತಲೇ ಕೂತಿದ್ದಳು.

"ತಾಯಿ, ಅದನ್ ಅಳಿಸ್ಬುಡು," ಅಂದ.

"ಮೊನ್ನೇನೇ ಕಳಿಸ್ಬುಟ್ಟೆ," ಅಂದಳು ಅವಳು. ಮಾವ ಅನ್ನಲಿಲ್ಲ.

ಅವಳು ಸುಮ್ಮನೆ ಕೂರಲಿಲ್ಲ, ಅದನ್ನೂ ಹೇಳಬೇಕು. ಅವತ್ತೇ ಕಂಪನಿಗೆ ಬರೆದಳು, ಆ ಸವಾರನನ್ನು ತೆಗೆಯಿರಿ, ನನ್ನ ತಪ್ಪು ಅಂತ. ಮರುದಿನ ಫೋನು ಮಾಡಿದಳು, ಅತ್ತಳು. ಆಡಿ ನೋಡಿದವರಿಗೆಲ್ಲ ಅವನೇ ಹೆಚ್ಚು ಇಷ್ಟವಾಗಿದ್ದಾನೆ, ಇನ್ನೆರಡು ಘಾಟಿಗೂ ಅವನನ್ನು ಹಾಕುತ್ತಿದ್ದೇವೆ, ಒಳ್ಳೆಯ ಕೆಲಸ ಮಾಡಿದ್ದೀರಿ ಎಂದು ಉತ್ತರ ಬಂತು. ತೇನ್‌ಮೊಳಿ ಕೆಲಸ ಬಿಟ್ಟಳು. ಮೊಪೆಡ್ಡು ಆ ರಸ್ತೆ ಬಿಡಲಿಲ್ಲ. ಎರಡು ತಿಂಗಳಲ್ಲಿ ಆ ಗೇಮು ಎಲ್ಲರ ಫೋನಿಗೂ ಬಂತು.

ಪಳನಿಸಾಮಿ ಈಗ ಬೆಳಿಗ್ಗೆ ಎದ್ದು ಬೋಡಿಯ ಜೀಪ್ ಸ್ಟ್ಯಾಂಡಿಗೆ ಹೋಗುತ್ತಾನೆ. ಅಲ್ಲಿ ಬಾಡಿಗೆಗೆ ಕಾಯುವ ಡ್ರೈವರುಗಳೆಲ್ಲ ಅದನ್ನೇ ಆಡುವುದು. "ಬಂದ ಬಂದ, ಕುಡುಕ ಬಂದ!" ಎಂದು ಒಬ್ಬ ಕೂಗಿದರೆ ಉಳಿದವರು ಬಗ್ಗಿ ನೋಡಿ ನಗುತ್ತಾರೆ. ಪಳನಿಸಾಮಿ ಒಬ್ಬೊಬ್ಬರ ಹತ್ತಿರವೂ ಹೋಗಿ ಹೇಳುತ್ತಾನೆ, ಅವನು ಕುಡುಕನಲ್ಲ, ನನ್ನ ಭಾವಮೈದುನ, ಅಲ್ಲಿ ಕಲ್ಲಿಟ್ಟವನು ನಾನು ಎಂದು. ಯಾವ ಮಾತು ಹೊರಗೆ ಬಿದ್ದರೆ ಊರು ತನ್ನನ್ನು ಉಗಿದು ಅಟ್ಟುತ್ತದೆಂದು ಹತ್ತೊಂಬತ್ತು ವರ್ಷ ಹೆದರಿ ಸತ್ತನೋ, ಆ ಮಾತು ಈಗ ಯಾರಿಗೂ ಬೇಡ. ವಯಸ್ಸಾಯಿತು, ಪಾಪ ಅನ್ನುತ್ತಾರೆ. ಟೀ ಕೊಡಿಸುತ್ತಾರೆ.

ಮೊನ್ನೆ ಎಳಿಲ್ ಅನ್ನುವ ಡ್ರೈವರು, ಒಳ್ಳೆಯ ಹುಡುಗ, ಪಕ್ಕಕ್ಕೆ ಸರಿದು ಜಾಗ ಕೊಟ್ಟ. "ತಾತಾ, ಬರೀ ಬೈತೀಯಲ್ಲ, ಒಂದ್ ಕಿತ ನೀನೇ ಓಡ್ಸು," ಎಂದು ಫೋನನ್ನು ಅವನ ಕೈಗೆ ಕೊಟ್ಟು, ಬೆರಳು ಎಲ್ಲಿಡಬೇಕೆಂದು ತೋರಿಸಿದ.

ಪಳನಿಸಾಮಿ ಓಡಿಸಿದ. ನಿಧಾನವಾಗಿ ಏರಿದ, ಒಂದೊಂದು ತಿರುವಿಗೂ ಹಾರ್ನ್ ಹೊಡೆದ. ಹತ್ತು ದಾಟಿತು. ಮಂಜು ಬಂತು. ಹನ್ನೊಂದನೆಯದು ಕಾಣುವ ಮೊದಲೇ ಜೀಪನ್ನು ಎಡದ ಬಂಡೆಗೆ ಒತ್ತಿ ಪೂರ್ತಿ ನಿಲ್ಲಿಸಿಬಿಟ್ಟ. ರಸ್ತೆ ಅಷ್ಟಗಲ ಖಾಲಿ. ಹೋಗು ಮಾಪ್ಳೆ, ಅಂದ ಭಾವಮೈದುನನಿಗೆ ಬಾಯೊಳಗೇ, ಆರಾಮಾಗಿ ಇಳ್ದು ಹೋಗು. ಮೊಪೆಡ್ಡು ಮಂಜಿನಿಂದ ಬಂತು, ತೂರಾಡಿತು, ಜೀಪಿನ ಹತ್ತಿರಕ್ಕೂ ಬರದೆ ನೇರ ಕಣಿವೆಗೆ ಹೋಯಿತು.

ಎಳಿಲ್ ಮೆಲ್ಲಗೆ ಅವನ ಕೈಯಿಂದ ಫೋನು ತೆಗೆದುಕೊಂಡ.

"ನೀನ್ ನಿಲ್ಸಿದ್ರೂ ಬೀಳ್ತಾನೆ ತಾತಾ," ಅಂದ. "ಅವನ್ನ ಹಂಗೇ ಮಾಡವ್ರೆ."