ಮಲಕವ್ವನ ನೆಲ

ಮಲಕವ್ವ ಬಿದ್ದಳು ಎಂದು ಮೊದಲು ಕೂಗಿದವಳು ನಾನೇ. ನನ್ನ ಬಾಯಿಗೆ ಬೆಂಕಿ ಬೀಳಲಿ.

ನಾನು ಸುಜಾತಾ, ಉಗಾರ ಬುದ್ರುಕದವಳು. ಚಿಕ್ಕೋಡಿ ರಸ್ತೆಯ ಹಿರಿಯರ ವಸತಿಯಲ್ಲಿ ಆರೈಕೆ ಕೆಲಸಕ್ಕೆ ಸೇರಿ ಆರು ವರ್ಷವಾಯಿತು. ಇಲ್ಲಿ ಮೂರು ದರ್ಜೆ. ತಾವೇ ಓಡಾಡುವವರಿಗೆ ಮುಂದಿನ ಕೋಣೆಗಳು, ಕೈ ಹಿಡಿಯಬೇಕಾದವರಿಗೆ ನಡುವಿನವು, ಹಾಸಿಗೆ ಹಿಡಿದವರಿಗೆ ಹಿಂದಿನ ವಾರ್ಡು. ಹಿಂದೆ ಹೋದವರು ಮುಂದೆ ಬಂದದ್ದನ್ನು ನಾನಂತೂ ನೋಡಿಲ್ಲ.

ಮಲಕವ್ವ ಜುಗೂಳದ ಕುರಿಗಾರ್ತಿ. ಮಕ್ಕಳಿಲ್ಲ. ಗಂಡ ಸತ್ತ ಮೇಲೂ ಇಪ್ಪತ್ತು ವರ್ಷ ಕುರಿಯ ಹಿಂದೆ ತಿರುಗಿದವಳು. ಮೊಣಕಾಲು ಮಾತು ಕೇಳದಾದಾಗ ಹಿಂಡನ್ನು ತಮ್ಮನ ಮಗ ಹಾಲಸಿದ್ದನಿಗೆ ಒಪ್ಪಿಸಿ, ತಾನೇ ಬಸ್ಸು ಹತ್ತಿ ಬಂದಳು. ಯಾವ ದರ್ಜೆ ಬೇಕು ಎಂದು ಮ್ಯಾನೇಜರ್ ಸುಧೀರ ಕೇಳಿದ.

"ನಡಕೊಂತ ಬಂದೀನಲ್ಲೋ, ಕಣ್ಣ ಕಾಣ್ಸೂದಿಲ್ಲೇನು?" ಎಂದಳು. ಎಲ್ಲರೂ ನಕ್ಕೆವು; ಮುಂದಿನ ಕೋಣೆಯನ್ನೇ ಕೊಟ್ಟೆವು.

ಮರುದಿನ ಬೆಳಿಗ್ಗೆ ಚಹಾ ಹಿಡಿದು ಹೋದೆ. ಮಂಚ ಖಾಲಿ. ಕೆಳಗೆ ಫರಸಿ ನೆಲದ ಮೇಲೆ ಕರಿ ಕಂಬಳಿ ಹೊದ್ದು ಮುದುಕಿ ಮಲಗಿದ್ದಾಳೆ. ಬೀಳುವವರು ಕಂಬಳಿ ಹಾಸಿ, ಹೊದ್ದು ಬೀಳುತ್ತಾರೆಯೇ? ಅಷ್ಟೂ ತಲೆ ಓಡಲಿಲ್ಲ ನನಗೆ. "ಬಿದ್ದಾಳ್ರೀ! ಮಲಕವ್ವ ಬಿದ್ದಾಳ!" ಎಂದು ಒದರಿದೆ.

"ಬಿದ್ದಿಲ್ಲ ಬೇ, ಮಲಗೀನಿ," ಎಂದಳು ಆಕೆ.

"ಬಿದ್ದೋರೆಲ್ಲಾ ಹಿಂಗ ಅಂತಾರ," ಎಂದ ಸುಧೀರ. ಹೌದೆಂದು ನಾನೂ ತಲೆ ಆಡಿಸಿದೆ. ಮರುದಿನವೂ ಅದೇ, ಅದರ ಮರುದಿನವೂ ಅದೇ. ರಿಜಿಸ್ಟರಿನಲ್ಲಿ ಮೂರು ಸಲ 'ಬಿದ್ದಳು' ಎಂದು ನನ್ನ ಕೈಯಾರೆ ಬರೆದೆ. ವಾರದಲ್ಲಿ ಮೂರು ಸಲ ಬಿದ್ದವರು ಹಿಂದಿನ ವಾರ್ಡಿಗೆ, ಅದು ನಿಯಮವಂತೆ. ನಿಯಮ ಮಾಡಿದವರ ಮನೆ ಹಾಳಾಗಲಿ.

ಅಲ್ಲಿ ಕಬ್ಬಿಣದ ಕಟಕಟೆ ಹಾಕಿದ ಮಂಚ. ನಡೆಯಬಲ್ಲ ಹೆಂಗಸಿಗೆ ಡೈಪರು ಕಟ್ಟಿದೆವು. ಕಂಬಳಿ ನಾರುತ್ತದೆಂದು ಕಪಾಟಿಗೆ ಸೇರಿತು. ಮೊದಲ ದಿನ ಮಲಕವ್ವ ಸುಧೀರನ ಏಳು ತಲೆಮಾರನ್ನು ಬೈದಳು. ಎರಡನೆಯ ದಿನ ನನ್ನ ಸೆರಗು ಹಿಡಿದು, "ಇಳಸ ಬೇ ನನ್ನ. ಹಿಂಗ ಮಲಗಿದ್ರ ಕಾಲ ಬಿದ್ದ ಹೊಕ್ಕಾವ," ಎಂದಳು.

"ನಿನ್ನ ಸಲುವಾಗೇ ಐತಿ ಆಯಿ, ಸುಮ್ನಿರು," ಎಂದೆ. ಮೂರನೆಯ ದಿನದಿಂದ ಆಕೆ ಗೋಡೆಗೆ ಮುಖ ಮಾಡಿ ಮಲಗಿದಳು. ರೊಟ್ಟಿ ಮುಟ್ಟಲಿಲ್ಲ, ಗಂಜಿಯಷ್ಟೇ ಗುಟುಕರಿಸುತ್ತಿದ್ದಳು.

ಇಪ್ಪತ್ತೆರಡನೆಯ ದಿನ ಹಾಲಸಿದ್ದ ಬಂದ. ರಾಯಬಾಗದ ಕಡೆ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿ, ಅತ್ತೆಯನ್ನು ನೋಡಲೆಂದೇ ಬಂದಿದ್ದ. ಮಂಚ ಕಂಡವನೇ ಬಾಗಿಲಲ್ಲೇ ನಿಂತುಬಿಟ್ಟ.

"ಸಾಯಾಕತ್ತಾಳೇನ್ರಿ?"

"ಛೇ, ಯಾಕ ಹಂಗಂತಿ?" ಎಂದೆ.

"ನಮ್ಮ ಮಂದ್ಯಾಗ ಮಂಚ ಹತ್ತೂದು ಬಾಣಂತಿ, ಇಲ್ಲಾ ಸಾಯೂವ್ರು. ಕುರಿ ಕಾಯೂವ್ರಿಗಿ ಎಲ್ಲಿ ಮಂಚ್ರಿ? ಆಕಿ ಜನ್ಮೆಲ್ಲಾ ನೆಲದ ಮ್ಯಾಲೇ ಮಲಗ್ಯಾಳ."

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅದು ನನಗೇ ಹೇಳಿದ ಮಾತು. ಆಕೆ ಮೊದಲ ದಿನವೇ ಹೇಳಿದ್ದಳು, ಮಲಗೀನಿ ಎಂದು. ಇನ್ನೆಷ್ಟು ಬಿಡಿಸಿ ಹೇಳಬೇಕಿತ್ತು?

ಸುಧೀರನ ಬಳಿಗೆ ಓಡಿದೆ. "ದರ್ಜೆ ಬದಲಿಸಾಕ ಮ್ಯಾಲಿನವ್ರನ್ನ ಕೇಳಬೇಕು. ಸೋಮವಾರ ನೋಡೂಣು," ಎಂದ.

"ಸೋಮವಾರತನಕಾ ಆಕಿಗಿ ನಿನ್ನ ಕಾಲ ಕೊಡ್ತೀಯೇನಲೇ?" ಎಂದೆ. ಕೆಲಸ ಹೋದರೆ ಹೋಗಲಿ. ಕಪಾಟಿನಿಂದ ಕಂಬಳಿ ತಂದು ನೆಲಕ್ಕೆ ಹಾಸಿದೆ. ಕಟಕಟೆ ಇಳಿಸಿದೆ. ಸುಧೀರ ರಿಜಿಸ್ಟರು ಹಿಡಿದು ಹಿಂದೆಯೇ ಬಂದ.

ಮಲಕವ್ವ ಕಂಬಳಿ ನೋಡಿದಳು. ಹಾಲಸಿದ್ದ ಚಾಚಿದ ಕೈಯನ್ನು ಸರಿಸಿದಳು. "ಬಿಡೋ, ನನಗ ಬರತೈತಿ ನಡ್ಯಾಕ."

ಎದ್ದು ನಿಂತಳು. ಒಂದು ಹೆಜ್ಜೆ ಇಟ್ಟಳು. ಎರಡನೆಯದಕ್ಕೆ ಮೊಣಕಾಲು ಮಡಚಿತು. ನಾವು ಹಿಡಿಯುವಷ್ಟರಲ್ಲಿ ಕಂಬಳಿಯ ಅಂಚಿನಲ್ಲಿ ದೊಪ್ಪನೆ ಬಿದ್ದಳು.

ಬಿದ್ದಲ್ಲಿಂದಲೇ ನನ್ನನ್ನು ನೋಡಿದಳು. "ಈಗ ಒದರ ಬೇ, ಬಿದ್ದಾಳಂತ."

ಸುಧೀರ ರಿಜಿಸ್ಟರು ತೆರೆದ. ಕಸಿದುಕೊಂಡೆ. ಹಿಂದಿನ ಮೂರು 'ಬಿದ್ದಳು'ಗಳನ್ನೂ ಹೊಡೆದು ಹಾಕಿ, ಕೆಳಗೆ ಬರೆದೆ: 'ಇಂದು ಮಲಕವ್ವನನ್ನು ನಾವು ಕೆಡವಿದೆವು.' ಅದರ ಕೆಳಗೆ ನನ್ನ ಹೆಸರು ಹಾಕಿ, ಪೆನ್ನನ್ನು ಅವನ ಕೈಗೆ ಕೊಟ್ಟೆ.